ಮಿಡಿ ಮುಗಿಯಿತೆಂದು ಬರೆಯುವವರು ಯಾರು?

ಎರಡು ಸಾವಿರ ಲೇಬಲ್. ಅಚ್ಚು ಹಾಕಿಸಿದವನು ನಾನೇ, ಹಾಗಾಗಿ ಬೈಸಿಕೊಂಡವನೂ ನಾನೇ.

ಸಾಗರದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಅಕ್ಕ ಊರಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ಬಾಟಲಿಯ ಲೇಬಲ್ ನಾನೇ ಕೂರಿಸಿ, ಮೂಲೆಯಲ್ಲೊಂದು ಕ್ಯೂಆರ್ ಕೋಡ್ ಇಟ್ಟು, ಶಿವಮೊಗ್ಗದ ಪ್ರೆಸ್ಸಿಗೆ ಕಳಿಸಿದ್ದೆ. ಸ್ಕ್ಯಾನ್ ಮಾಡಿದರೆ ಅಕ್ಕನ ಫೋನ್ ನಂಬರು, ನಾಲ್ಕು ಫೋಟೋ, ದರಪಟ್ಟಿ ಇರುವ ಪುಟ ತೆರೆಯುತ್ತಿತ್ತು. ದೊಡ್ಡ ಕಂಪನಿಯೊಂದು ಸಣ್ಣ ವ್ಯಾಪಾರಿಗಳಿಗೆಂದು ಪುಕ್ಕಟೆ ಕೊಡುತ್ತಿದ್ದ ಪುಟ. 2024ರ ಮಾರ್ಚ್‌ನಲ್ಲಿ ಆ ಕಂಪನಿ ಇಡೀ ಸೌಲಭ್ಯವನ್ನೇ ಮುಚ್ಚಿತು. ಮೊದಲೇ ಮೇಲ್ ಕಳಿಸಿದ್ದರು, ಸುಳ್ಳು ಹೇಳಬಾರದು. ಅದು ಹೋಗಿದ್ದು ನಾನು ಆರು ತಿಂಗಳಿಗೊಮ್ಮೆ ತೆರೆಯುವ ವಿಳಾಸಕ್ಕೆ. ವಿಷಯ ಗೊತ್ತಾಗಿದ್ದು ಬೆಂಗಳೂರಿನ ಗಿರಾಕಿಯೊಬ್ಬರು ಅಕ್ಕನಿಗೆ ಫೋನ್ ಮಾಡಿ, "ಏನಮ್ಮ, ಅಂಗಡಿ ಮುಚ್ಚಿಬಿಟ್ರಾ?" ಎಂದು ಕೇಳಿದಾಗ. ಆಗ ಇನ್ನೂ ಒಂದು ಸಾವಿರದ ನಾನೂರು ಲೇಬಲ್ ಉಳಿದಿದ್ದವು.

ಪುಕ್ಕಟೆ ಸಿಕ್ಕಿದ್ದು ಹೋಯಿತು, ಇನ್ನು ಸ್ವಂತದ್ದೇ ಆಗಲಿ ಎಂದು ಕೂತೆ. ಒಂದು ವಾರದ ಕೆಲಸ ಅಂದುಕೊಂಡಿದ್ದು ಹತ್ತು ತಿಂಗಳಾಯಿತು.

ಮೊದಲು ಹೆಸರು. ಕನ್ನಡದಲ್ಲೇ ವಿಳಾಸ ಇರಲಿ ಎಂಬ ಆಸೆ ನನಗೆ. ಡಾಟ್ ಇನ್ ಇರುವಂತೆ 'ಡಾಟ್ ಭಾರತ' ಎಂಬುದೂ ಇದೆ, ಕನ್ನಡ ಲಿಪಿಯಲ್ಲೇ. ಬ್ರೌಸರಿನಲ್ಲಿ ಟೈಪ್ ಮಾಡಿದರೆ ಚಂದವಾಗಿ ತೆರೆಯುತ್ತದೆ. ಆದರೆ ಒಳಗೆ ಯಂತ್ರಗಳು ಆ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿಕೊಂಡೇ ಓದುತ್ತವೆ. ಅಂಥದೊಂದು ತಾಣದ ವಿಳಾಸವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಅಂಟಿಸಿ ನೋಡಿದೆ. 'ಎಕ್ಸ್ ಎನ್', ಎರಡು ಅಡ್ಡಗೀಟು, ಆಮೇಲೆ ಬೆಕ್ಕು ಕೀಲಿಮಣೆ ಮೇಲೆ ನಡೆದಂಥ ಅಕ್ಷರಗಳು. ಭಾವ ನೋಡಿ, "ಇದನ್ನ ಒತ್ತಿದ್ರೆ ಬ್ಯಾಂಕಲ್ಲಿದ್ದ ದುಡ್ಡು ಹೋಗ್ತದೆ ಅಂತ ಪೊಲೀಸರು ಹೇಳ್ತಾರಲ್ಲ, ಅದೇ ಥರ ಉಂಟು" ಎಂದರು. ಡಾಟ್ ಇನ್ ತೆಗೆದುಕೊಂಡೆ. ಮೊದಲ ವರ್ಷದ ದರ ನೋಡಿ ಹಿಗ್ಗುವ ಮೊದಲು ಎರಡನೇ ವರ್ಷದ ನವೀಕರಣ ಎಷ್ಟೆಂದು ಕೆಳಗೆ ಸಣ್ಣಕ್ಷರದಲ್ಲಿ ಹುಡುಕಬೇಕು. ನನ್ನ ವಿಷಯದಲ್ಲಿ ಅದು ದುಪ್ಪಟ್ಟಿಗಿಂತ ಹೆಚ್ಚಿತ್ತು.

ಕಟ್ಟುವುದು ಯಾವುದರಲ್ಲಿ? ಪರಿಚಯದವರ ಮೂಲಕ ಬೆಂಗಳೂರಿನ ಒಂದು ಕಂಪನಿಯಿಂದ ಕೊಟೇಶನ್ ತರಿಸಿದೆ. ನಾಲ್ಕು ಪುಟ. ರಿಯಾಕ್ಟ್, ಸರ್ವರ್ ಕಡೆಯ ಕೆಲಸಕ್ಕೆ ನೋಡ್, ಮಾಹಿತಿ ಕೂಡಿಡಲು ಮಾಂಗೋಡಿಬಿ, ಕ್ಲೌಡ್ ಸರ್ವರ್. ಒಟ್ಟು ಎಂಬತ್ತೈದು ಸಾವಿರ, ಮೇಲೆ ಪ್ರತಿ ವರ್ಷ ನಿರ್ವಹಣೆ. ರಿಯಾಕ್ಟ್ ಎಂಬುದು ಫೇಸ್‌ಬುಕ್‌ನವರು ತಮ್ಮ ಕೆಲಸಕ್ಕೆಂದು ಮಾಡಿಕೊಂಡು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಲಕರಣೆ. ಕ್ಷಣಕ್ಷಣಕ್ಕೂ ಲೈಕು, ಕಮೆಂಟು ಬದಲಾಗುತ್ತಿರುವ ಪುಟಕ್ಕೆ ಅದು ಹೇಳಿ ಮಾಡಿಸಿದ್ದು. ನಮ್ಮ ಪುಟದಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಸಲ ಬದಲಾಗುವುದು ದರ ಮತ್ತು ದಾಸ್ತಾನು, ಅಷ್ಟೇ. ಅಕ್ಕ ಕೇಳಿದ್ದು ಒಂದೇ: "ಮಾಂಗೋ ಅಂತ ಬರೆದಿದಾರಲ್ಲ, ಅದು ನಮ್ಮ ಮಾವಿನ್ದೇ ಲೆಕ್ಕವಾ?"

ಇಲ್ಲಿ ಅಕ್ಕನ ವ್ಯಾಪಾರದ ಸ್ವಭಾವ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪೆಮಿಡಿ ಎಂದರೆ ಹೊಳೆಯಂಚಿನ, ಕಾಡಂಚಿನ ಮರಗಳ ಎಳೆ ಮಾವಿನಕಾಯಿ. ಗೊರಟು ಗಟ್ಟಿಯಾಗುವ ಮೊದಲೇ, ತೊಟ್ಟು ಸಮೇತ ಕೊಯ್ಯಬೇಕು. ತೂಕಕ್ಕಲ್ಲ, ಎಣಿಕೆಗೆ ಮಾರುತ್ತಾರೆ. ಒಂದೊಂದು ಮರದ್ದು ಒಂದೊಂದು ಸೊನೆ, ಒಂದೊಂದು ಪರಿಮಳ: ಜೀರಿಗೆ, ಮಾಳಂಜಿ, ಕರ್ಣಕುಂಡಲ, ಅನಂತಭಟ್ಟನ ಅಪ್ಪೆ. ಒಂದು ವರ್ಷ ಮೈತುಂಬ ಬಿಟ್ಟ ಮರ ಮರುವರ್ಷ ಮುಖ ತಿರುಗಿಸುತ್ತದೆ. ಹಾಗಾಗಿ ಅಕ್ಕನ ಹತ್ತಿರ ಯಾವುದು ಎಷ್ಟು ಬಾಟಲಿ ಇರುತ್ತದೆ ಎಂಬುದು ಅವಳಿಗೇ ಮಾರ್ಚ್ ಕಳೆಯುವವರೆಗೆ ತಿಳಿಯುವುದಿಲ್ಲ. ಮಿಡಿ ಉಪ್ಪಿನಲ್ಲಿ ಸುಕ್ಕುಗಟ್ಟಿ, ಖಾರ ಹಿಡಿದು, ಮಳೆಗಾಲ ಶುರುವಾಗುವ ಹೊತ್ತಿಗೆ ಮಾರಾಟಕ್ಕೆ ಬರುತ್ತದೆ. ಒಂದು ಬಗೆ ಹದಿನೈದೇ ದಿನದಲ್ಲಿ ಖಾಲಿ, ಇನ್ನೊಂದು ದೀಪಾವಳಿವರೆಗೆ ಉಳಿಯುತ್ತದೆ.

ಆದ್ದರಿಂದ ಅವಳ ಮುಖ್ಯ ಪ್ರಶ್ನೆ, ಕೊನೆಯವರೆಗೂ ಬಿಡದ ಪ್ರಶ್ನೆ: "ಅದೆಲ್ಲ ಸರಿ ಮಾರಾಯ, 'ಮುಗೀತು' ಅಂತ ಬರೆಯೋದು ಎಲ್ಲಿ? ನೀನು ಅಂಗಡಿ ಬಾಗಿಲು ಹಾಕಿ ಮಲಗಿದ ಮೇಲೆ ಮುಗಿದ್ರೆ?"

ಎರಡನೇ ಪ್ರಯತ್ನ ವರ್ಡ್‌ಪ್ರೆಸ್. 2003ರಿಂದ ಇರುವ, ಜಗತ್ತಿನ ಹತ್ತು ತಾಣಗಳಲ್ಲಿ ಸುಮಾರು ನಾಲ್ಕು ಅದರ ಮೇಲೇ ಓಡುತ್ತಿರುವ, ತಾಣ ಕಟ್ಟುವ ತಂತ್ರಾಂಶ. ಏನೇ ತೊಂದರೆ ಬಂದರೂ ಯಾರೋ ಒಬ್ಬರು ಉತ್ತರ ಬರೆದಿಟ್ಟಿರುತ್ತಾರೆ ಎಂಬ ಧೈರ್ಯ. ಜತೆಗೆ ಅಂಗಡಿ ತೆರೆಯಲು ವೂಕಾಮರ್ಸ್. ವರ್ಷಕ್ಕಿಷ್ಟು ಎಂದು ಹೋಸ್ಟಿಂಗ್, ಅಂದರೆ ತಾಣ ಇಡುವ ಜಾಗ, ತೆಗೆದುಕೊಂಡು ಒಂದೇ ರಾತ್ರಿಯಲ್ಲಿ ನಿಲ್ಲಿಸಿದೆ. ಬುಟ್ಟಿ, ಬಿಲ್ಲು, ಕೂಪನ್ ಎಲ್ಲ ಇತ್ತು. ನನಗೇ ನನ್ನ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿ.

ಬೆಳಿಗ್ಗೆ ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ಮೇಲಿನ ದೊಡ್ಡ ಅಕ್ಷರ ನೋಡಿ, "ಇದೆಂತದು? ನಿನ್ನ ಉಪ್ಪಿನಕಾಯಲ್ಲಿ ಉಪ್ಪೇ ಕಡಿಮೆ ಆಗಿದ್ಯಲ್ಲ" ಎಂದಳು.

ನಿಜ. 'ಉಪ್ಪಿನಕಾಯಿ' ಎಂದು ನಾನು ಬರೆದದ್ದು ತೆರೆಯ ಮೇಲೆ 'ಉಪಿನಕಾಯಿ' ಎಂದು ಕಾಣುತ್ತಿತ್ತು. ನಾನು ಆರಿಸಿದ ಥೀಮು, ಅಂದರೆ ತಾಣದ ಸಿದ್ಧ ವಿನ್ಯಾಸ, ಇಂಗ್ಲಿಷಿಗೆಂದು ಮಾಡಿದ್ದು. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಸಣ್ಣ ಬಾಲ ಇದ್ದರೆ ಹೆಚ್ಚು. ನಮ್ಮ ಅಕ್ಷರ ಕೆಳಗೊಂದು ಮಹಡಿಯನ್ನೇ ಇಳಿಸುತ್ತದೆ. ಶೀರ್ಷಿಕೆಯ ಸಾಲಿನ ಎತ್ತರ 1.1 ಎಂದು ಕೊಟ್ಟು, ಚೌಕದಿಂದ ಹೊರಗೆ ಬಂದದ್ದನ್ನು ಮುಚ್ಚಿಬಿಡು ಎಂದೂ ಬರೆದಿಟ್ಟಿದ್ದರು. ಪ ಅಕ್ಷರದ ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಅದನ್ನು 1.7ಕ್ಕೆ ಏರಿಸಿದೆ, ಮುಚ್ಚುವ ಆಜ್ಞೆ ತೆಗೆದೆ. ಅಕ್ಷರಗಳ ನಡುವೆ ಜಾಗ ಬಿಡಿಸುವ ಇನ್ನೊಂದು ಅಲಂಕಾರ ಇತ್ತು, ಅದನ್ನು ಸೊನ್ನೆ ಮಾಡಿದೆ. ಕನ್ನಡದಲ್ಲಿ ತಾಣ ಮಾಡುವವರು ಯಾವ ಥೀಮನ್ನಾದರೂ ತೆಗೆದುಕೊಳ್ಳುವ ಮೊದಲು 'ಕರ್ತೃತ್ವ', 'ರಾಷ್ಟ್ರೀಯ', 'ಉಪ್ಪಿನಕಾಯಿ' ಈ ಮೂರನ್ನು ದಪ್ಪಕ್ಷರದಲ್ಲಿ ಬರೆದು ನೋಡಿ. ಅರ್ಧಕ್ಕರ್ಧ ಥೀಮುಗಳು ಅಲ್ಲೇ ಬಣ್ಣ ಬಿಡುತ್ತವೆ.

ಒಳಗಿನ ಬರಹದ್ದು ಬೇರೆಯೇ ಪಾಡು. ಲೇಬಲ್ಲಿನ ಮ್ಯಾಟರು ನನ್ನ ಬಳಿ ಇದ್ದದ್ದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಪೇಜ್‌ಮೇಕರ್ ಕಡತದಲ್ಲಿ. ಡಿಟಿಪಿಯವರಿಗೆ ಗೊತ್ತು, ಆ ಫಾಂಟುಗಳಲ್ಲಿ ಕನ್ನಡ ಬರೀ ವೇಷ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ತಾಣಕ್ಕೆ ಅಂಟಿಸಿದ ಕೂಡಲೇ ವೇಷ ಕಳಚಿ, ತಲೆ ಮೇಲೆ ಗೆರೆಯಿರುವ ಎ, ಪೌಂಡಿನ ಚಿಹ್ನೆ ಸಾಲಾಗಿ ನಿಂತವು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ ಯುನಿಕೋಡಿಗೆ ಪರಿವರ್ತಿಸಿದೆ. ನಾನು ಬಳಸಿದ ಪರಿವರ್ತಕಕ್ಕೆ ಅರ್ಕಾವತ್ತು ಕಂಡರಾಗದು; ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ಕರ್ಣಕುಂಡಲ' ಹೋಗಿ 'ಕಣರ್ಕುಂಡಲ' ಆಗಿತ್ತು. ಮೂರು ದಿನ ಯಾರಿಗೂ ಕಾಣಲಿಲ್ಲ. ಇಡೀ ದಿನ ಬೇರೆಯವರ ಮದುವೆ ಪತ್ರಿಕೆಯ ಕರಡು ತಿದ್ದುವವನು ನಾನು.

ಒತ್ತು ಸರಿಯಾಯಿತು, ಅರ್ಕಾವತ್ತು ಸರಿಯಾಯಿತು. ಅಕ್ಕನ ಪ್ರಶ್ನೆ ಹಾಗೇ ಇತ್ತು. ಫೋನಿನಲ್ಲಿ ಲಾಗಿನ್ ಮಾಡಿಕೊಟ್ಟೆ. ಅವಳು ಎಡಗೈಯ ಕಿರುಬೆರಳಿನಿಂದ, ಉಳಿದ ಬೆರಳಿಗೆಲ್ಲ ಖಾರ ಮೆತ್ತಿತ್ತು, ಒಂದೊಂದೇ ಒತ್ತುತ್ತ ಹೋದಳು. ಉತ್ಪನ್ನಗಳು, ಜೀರಿಗೆ ಮಿಡಿ, ತಿದ್ದು, ಕೆಳಗೆ ಜಾರಿಸು, ದಾಸ್ತಾನು ಎಂಬ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ, ಮತ್ತೆ ಮೇಲೆ ಹೋಗಿ ಉಳಿಸು. ನಡುವೆ ತೆರಿಗೆ ವರ್ಗ, ಸಾಗಣೆ ವರ್ಗ, ಎಸ್‌ಕೆಯು. "ಎಸ್‌ಕೆಯು ಅಂದ್ರೆ ಎಂತದು?" ಒಂದೊಂದು ಸರಕಿಗೂ ಅಂಗಡಿಯವರು ಇಟ್ಟುಕೊಳ್ಳುವ ಗುರುತಿನ ಕೋಡು ಎಂದೆ. "ನಂಗೆ ಎಂತಕ್ಕೆ ಅದು?" ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಮೊಬೈಲ್ ಆ್ಯಪ್ ಇದೆ, ಚೆನ್ನಾಗಿಯೂ ಇದೆ. ಅಕ್ಕನ ಹಳೆಯ ಫೋನು ಅದನ್ನು ಹೊರಲಾರದೆ ಬಿಸಿಯಾಯಿತು.

ಅವಳ ಮನೆಯಲ್ಲಿ ಇಂಟರ್ನೆಟ್ ಸಿಗುವುದು ಹಿತ್ತಿಲ ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲೇ ನಿಂತು ತಾಣ ತೆರೆದೆವು. ಹತ್ತೊಂಬತ್ತು ಸೆಕೆಂಡು. ನಾನು ಹಾಕಿದ ಹದಿನಾಲ್ಕು ಪ್ಲಗಿನ್ನು ಎಂಬ ಬಿಡಿ ಸೇರ್ಪಡೆಗಳು, ಜಾರುವ ಚಿತ್ರಗಳು, ಫೋನಿನಿಂದ ಹಾಗೇ ಏರಿಸಿದ ನಾಲ್ಕು ನಾಲ್ಕು ಎಂಬಿಯ ಫೋಟೋಗಳು, ಎಲ್ಲ ಸೇರಿ ಹೊರೆ. ಇದು ವರ್ಡ್‌ಪ್ರೆಸ್ಸಿನ ತಪ್ಪಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿದವನ ತಪ್ಪು. ಆದರೆ ಆಗಸ್ಟಿನ ಒಂದು ಬೆಳಿಗ್ಗೆ ಯಾವುದೋ ಪ್ಲಗಿನ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ಇಡೀ ತಾಣ ಬಿಳಿ ಹಾಳೆಯಾಯಿತು. ನಾನು ಆಧಾರ್ ತಿದ್ದುಪಡಿಯವರ ಸಾಲಿನ ನಡುವೆ ಕೂತಿದ್ದೆ. ಸರಿ ಮಾಡಲು ಕೈಗೆ ಬಿಡುವಾಗಿದ್ದು ರಾತ್ರಿ ಒಂಬತ್ತಕ್ಕೆ. ಅಪ್‌ಡೇಟ್ ಮಾಡದಿದ್ದರೆ ಕಳ್ಳರ ಭಯ, ಮಾಡಿದರೆ ಹೀಗೆ. ವಾರಕ್ಕೊಮ್ಮೆ ಕೂತು ನೋಡುವವರು ಇದ್ದರೆ ಅದು ಒಳ್ಳೆಯ ಮನೆ. ನಮ್ಮಲ್ಲಿ ಆ ಒಬ್ಬರು ನಾನೇ, ಮತ್ತು ನಾನು ಇಲ್ಲ.

ಮೂರನೆಯದು ಬಾಡಿಗೆ ಅಂಗಡಿ: ಶಾಪಿಫೈ ಥರದ್ದು. ಕೆನಡಾದಲ್ಲಿ ಹಿಮದ ಮೇಲೆ ಜಾರುವ ಹಲಗೆ ಮಾರಲು ಹೊರಟವರು ತಮಗೆ ಬೇಕಾದ ಅಂಗಡಿ ಎಲ್ಲೂ ಸಿಗದೆ ತಾವೇ ಬರೆದುಕೊಂಡು, 2006ರಲ್ಲಿ ಅದನ್ನೇ ಬೇರೆಯವರಿಗೆ ಬಾಡಿಗೆ ಕೊಡಲು ಶುರುಮಾಡಿದರು. ವ್ಯಾಪಾರಿ ಮಾಡಿದ್ದೆಂದು ಬಳಸುವಾಗ ಗೊತ್ತಾಗುತ್ತದೆ. ಎರಡು ದಿನ ಪರೀಕ್ಷೆಗೆ ಬಳಸಿದೆ. ಒಂದೂ ಕಡೆ ಎಡವಲಿಲ್ಲ. ಸರ್ವರಿನ ಚಿಂತೆ ಅವರದ್ದು, ಅಪ್‌ಡೇಟ್ ಅವರದ್ದು. ಬಾಡಿಗೆ ತಿಂಗಳಿಗೆ ಒಂದೂವರೆಯಿಂದ ಎರಡು ಸಾವಿರದ ಆಸುಪಾಸು. ವರ್ಷವಿಡೀ ಮಾರುವ ಸಾಮಾನಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಿಡಿಯುತ್ತಿದ್ದೆ. ಅಕ್ಕನಿಗೆ ಮಾರಾಟ ಐದಾರು ತಿಂಗಳು, ಬಾಡಿಗೆ ಹನ್ನೆರಡು ತಿಂಗಳು. ಭಾವ ಲೆಕ್ಕ ಹಾಕಿ, ಆ ದುಡ್ಡು ಎಷ್ಟು ಮಿಡಿಗೆ ಸಮ ಎಂದು ಹೇಳಿದ ಮೇಲೆ ಆ ಮಾತು ಮುಂದುವರಿಯಲಿಲ್ಲ.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ಆಡಿಟರ್ ಆಫೀಸಿನವರೊಬ್ಬರು ಜೆರಾಕ್ಸ್‌ಗೆ ಬಂದಾಗ ಸುಮ್ಮನೆ ಪರದೆ ತೋರಿಸಿದೆ. ಅವರು ವಿನ್ಯಾಸ, ಬಣ್ಣ ಏನೂ ನೋಡಲಿಲ್ಲ. "ಜಿಎಸ್‌ಟಿ ನಂಬರ್ ಎಲ್ಲಿ?" ಎಂದರು. ಇಲ್ಲ ಎಂದೆ. "ಮತ್ತೆ ಪುಣೆಗೆ, ಚೆನ್ನೈಗೆ ಕಳಿಸ್ತೇವೆ ಅಂತ ಹಾಕಿದ್ದೀರಲ್ಲ?" ವಿಷಯ ಇಷ್ಟು: ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಿಲ್ಲ. ತೆರಿಗೆ ಬೀಳುವ ಸರಕು ಗಡಿ ದಾಟಿದರೆ ಆ ವಿನಾಯಿತಿ ಇಲ್ಲ, ವಹಿವಾಟು ಎಷ್ಟೇ ಸಣ್ಣದಿರಲಿ. ನಾನು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡ 'ಬುಟ್ಟಿಗೆ ಹಾಕಿ' ಗುಂಡಿ ತಂತ್ರಜ್ಞಾನದ ಪ್ರಶ್ನೆಯೇ ಆಗಿರಲಿಲ್ಲ. ದೇಶದ ಯಾವ ಮೂಲೆಯಿಂದ ಬೇಕಾದರೂ ಯಾರು ಬೇಕಾದರೂ ಒತ್ತಬಹುದಾದ ಗುಂಡಿ ಅದು, ಒತ್ತಿದ ಕೂಡಲೇ ದುಡ್ಡು ಬಂದುಬಿಡುತ್ತದೆ. ಅಕ್ಕ ಹೇಳಿದಳು, "ಸದ್ಯಕ್ಕೆ ನಮ್ಮ ರಾಜ್ಯ ಸಾಕು. ಯಾರಿಗೆ ಕಳಿಸ್ತಿದೀನಿ ಅಂತ ನಾನು ಒಂದು ಮಾತು ಕೇಳಿಯೇ ಕಳಿಸೋದು."

ಬುಟ್ಟಿ ಹೋಯಿತು. ಬುಟ್ಟಿ ಹೋದ ಮೇಲೆ ಲಾಗಿನ್ ಬೇಡ, ಡೇಟಾಬೇಸ್ ಬೇಡ, ಪಾವತಿಯ ಗೇಟ್‌ವೇ ಬೇಡ, ಅದು ಕೇಳುವ ಹಣ ವಾಪಸಿನ ನಿಯಮ, ಗೋಪ್ಯತೆ ನೀತಿ ಮೊದಲಾದ ನಾಲ್ಕು ಪುಟಗಳೂ ಬೇಡ. ಉಳಿದದ್ದು ಒಂದು ಪುಟ, ಅದರಲ್ಲಿ ಒಂದು ಪಟ್ಟಿ, ಪ್ರತಿ ಸಾಲಿನ ಪಕ್ಕ ವಾಟ್ಸ್‌ಆ್ಯಪಿಗೆ ಹೋಗುವ ಕೊಂಡಿ.

ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್ ಎಂಬ, ಪುಟ ಬರೆಯುವ ಮೂಲ ಸಂಕೇತಗಳೇ ಸಾಕಾದವು. ಇಪ್ಪತ್ತು ವರ್ಷದ ಹಿಂದೆ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತದ್ದು, ಮರೆತಿದ್ದೇನೆ ಅಂದುಕೊಂಡಿದ್ದೆ. ನೋಟ್‌ಪ್ಯಾಡಿನಲ್ಲಿ ಮುನ್ನೂರು ಸಾಲು. ಓದುವ ಬರಹಕ್ಕೆ ಫಾಂಟನ್ನೇ ಹಾಕಲಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೋ ಎಂಬ ಕನ್ನಡ ಫಾಂಟು ಮೊದಲೇ ಇರುತ್ತದೆ, ಅದನ್ನು ಮತ್ತೆ ಇಳಿಸಿಕೊಳ್ಳುವ ಕೆಲಸ ಗಿರಾಕಿಯ ಡೇಟಾಗೆ ಯಾಕೆ? ಫೋಟೋಗಳನ್ನು ವೆಬ್‌ಪಿ ಎಂಬ ಹಗುರ ನಮೂನೆಗೆ ಬದಲಿಸಿ ನೂರು ಕೆಬಿಯೊಳಗೆ ತಂದೆ.

ಇಡುವುದು ಎಲ್ಲಿ ಎಂದು ನೋಡಿದೆ. ಗಿಟ್‌ಹಬ್ ಪೇಜಸ್ ಪುಕ್ಕಟೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ವ್ಯಾಪಾರ ನಡೆಸುವ ತಾಣಕ್ಕೆ ಅದನ್ನು ಬಳಸುವಂತಿಲ್ಲ ಎಂದು ಅವರ ನಿಯಮದಲ್ಲೇ ಇದೆ. ಒಮ್ಮೆ ಬಿಸಿ ಹಾಲು ಕುಡಿದ ಬಾಯಿ, ನಿಯಮವೆಲ್ಲ ಓದಿದೆ. ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಆ ತಡೆ ಕಾಣಲಿಲ್ಲ, ಅಲ್ಲಿಟ್ಟೆ. ಇದೂ ಪುಕ್ಕಟೆಯೇ, ನಾಳೆ ಇದೂ ಮುಚ್ಚಬಹುದು. ಈ ಸಲದ ವ್ಯತ್ಯಾಸ, ವಿಳಾಸ ನಮ್ಮದು, ಕಡತಗಳು ನನ್ನ ಪೆನ್‌ಡ್ರೈವಿನಲ್ಲಿವೆ. ಬೇರೆ ಜಾಗಕ್ಕೆ ಹೊತ್ತೊಯ್ಯಲು ಅರ್ಧ ದಿನ ಸಾಕು. ಲೇಬಲ್ ಮತ್ತೆ ಅಚ್ಚು ಹಾಕಿಸಬೇಕಿಲ್ಲ.

ಹಲಸಿನ ಮರದ ಬುಡದಲ್ಲಿ ಎರಡು ಸೆಕೆಂಡು.

ಇನ್ನು 'ಮುಗೀತು' ಎಂದು ಬರೆಯುವುದು. ಅಕ್ಕನಿಗೆ ಗೂಗಲ್ ಶೀಟ್ ಗೊತ್ತಿತ್ತು, ಸ್ವಸಹಾಯ ಸಂಘದ ಲೆಕ್ಕ ಅದರಲ್ಲೇ ಬರೆಯುತ್ತಾಳೆ. ಒಂದು ಹಾಳೆ ಮಾಡಿಕೊಟ್ಟೆ: ಹೆಸರು, ತೂಕ, ಬೆಲೆ, ಇದೆ ಅಥವಾ ಇಲ್ಲ. ಹಾಳೆಯನ್ನು ವೆಬ್‌ಗೆ ಪ್ರಕಟಿಸು ಎಂದರೆ ಒಂದು ಕೊಂಡಿ ಸಿಗುತ್ತದೆ. ಪುಟದೊಳಗಿನ ಇಪ್ಪತ್ತು ಸಾಲಿನ ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ, ಅದನ್ನು ಓದಿ ಪಟ್ಟಿ ಕಟ್ಟುತ್ತದೆ. ಅಕ್ಕ ಹಾಳೆಯಲ್ಲಿ ತಿದ್ದಿದ್ದು ಐದಾರು ನಿಮಿಷದಲ್ಲಿ ಪುಟಕ್ಕೆ ಬರುತ್ತದೆ.

ಇಷ್ಟು ಸರಳ ಮಾಡಿದ ಮೇಲೂ ಮೊದಲ ವಾರ ಏನೇನಾಯಿತು ಹೇಳುತ್ತೇನೆ. ಅಕ್ಕ ಬೆಲೆಯನ್ನು ಕನ್ನಡ ಅಂಕಿಯಲ್ಲಿ ಬರೆದಳು, ೨೮೦. ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ; ಪುಟದಲ್ಲಿ ಬೆಲೆಯ ಜಾಗಕ್ಕೆ 'ನ್ಯಾನ್' ('ಸಂಖ್ಯೆ ಅಲ್ಲ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳು) ಎಂದು ಬಂತು. ಭಾವ ಅದನ್ನು ನಾನ್ ರೊಟ್ಟಿ ಎಂದು ಓದಿದರು. ಅಕ್ಕ ಹೆಸರಿನ ಜಾಗದಲ್ಲಿ 'ಮಾಳಂಜಿ, ಖಾರ ಕಡಿಮೆ' ಎಂದು ಬರೆದಳು. ಆ ಕೊಂಡಿಯಲ್ಲಿ ಹಾಳೆಯ ಕಾಲಮ್ಮುಗಳ ನಡುವೆ ಅಲ್ಪವಿರಾಮ ಬರುತ್ತದೆ; ನಾನು ಸಾಲನ್ನು ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸುವಂತೆ ಬರೆದಿದ್ದೆ, ಹಾಗಾಗಿ 'ಖಾರ ಕಡಿಮೆ' ಎಂಬುದು ತೂಕದ ಜಾಗಕ್ಕೆ ಹೋಯಿತು, ತೂಕ ಬೆಲೆಯ ಜಾಗಕ್ಕೆ. ಇದೆ ಅಥವಾ ಇಲ್ಲ ಎಂಬಲ್ಲಿ, 'ನಾಡಿದ್ದು ಬರ್ತದೆ' ಎಂದು ಬರೆದಳು. ಇಲ್ಲ ಎಂಬ ಪದ ಕಾಣದ ಕಾರಣ ಪುಟ ಅದನ್ನು ಇದೆ ಎಂದೇ ತಿಳಿಯಿತು.

ಒಂದೂ ಅವಳ ತಪ್ಪಲ್ಲ. ಮನುಷ್ಯರು ಹಾಗೇ ಬರೆಯುವುದು. ಕನ್ನಡ ಅಂಕಿ ಬದಲಿಸಿಕೊಳ್ಳುವ ಒಂದು ಸಾಲು, ಅಲ್ಪವಿರಾಮಕ್ಕೆ ಮೋಸ ಹೋಗದಂತೆ ನಾಲ್ಕು ಸಾಲು ಸೇರಿಸಿದೆ. ಕೊನೆಯ ಕಾಲಮ್ಮಿಗೆ ಇದೆ, ಇಲ್ಲ, ಬರಲಿದೆ ಎಂಬ ಮೂರೇ ಆಯ್ಕೆಯ ಪಟ್ಟಿ ಹಾಕಿದೆ. ಅದಕ್ಕಿಂತ ಹೆದರಿಸಿದ್ದು ಇನ್ನೊಂದು: ಪ್ರಕಟಿಸುವಾಗ 'ಇಡೀ ಕಡತ' ಎಂದು ಒತ್ತಿದ್ದೆ. ಅದೇ ಕಡತದ ಎರಡನೇ ಹಾಳೆಯಲ್ಲಿ ಅಕ್ಕ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರು ಬರೆದಿಡಲು ಶುರುಮಾಡಿದ್ದಳು. ಹನ್ನೊಂದು ಜನರದ್ದು ಆಗಿತ್ತು ನಾನು ನೋಡುವಷ್ಟರಲ್ಲಿ. ಆ ಹಾಳೆಯನ್ನು ಬೇರೆ ಕಡತಕ್ಕೆ ಸಾಗಿಸಿ, ಪ್ರಕಟಣೆ ನಿಲ್ಲಿಸಿ, ಪಟ್ಟಿಯ ಹಾಳೆ ಒಂದನ್ನೇ ಮತ್ತೆ ಪ್ರಕಟಿಸಿದ ಮೇಲೆ ಊಟ ಮಾಡಿದೆ.

ವಾಟ್ಸ್‌ಆ್ಯಪ್ ಕೊಂಡಿಯಲ್ಲಿ ಮೊದಲೇ ಒಂದು ವಾಕ್ಯ ತುಂಬಿಡಬಹುದು: 'ನನಗೆ ಜೀರಿಗೆ ಮಿಡಿ ಅರ್ಧ ಕೆಜಿ ಬೇಕು, ನನ್ನ ಊರು' ಎಂದು ಮುಗಿಯುತ್ತದೆ, ಊರಿನ ಹೆಸರು ಗಿರಾಕಿ ತುಂಬಬೇಕು. ಕೊಂಡಿಯೊಳಗೆ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಚಿಹ್ನೆ ಒಂಬತ್ತು ಒಂಬತ್ತು ಇಂಗ್ಲಿಷ್ ಚಿಹ್ನೆಯಾಗಿ ಹಿಗ್ಗುತ್ತದೆ. ನೋಡಲು ಭಯಂಕರ, ಒತ್ತಿದರೆ ಅಚ್ಚಗನ್ನಡ. ಊರು ಕರ್ನಾಟಕದೊಳಗಿದ್ದರೆ ಅಕ್ಕ ಯುಪಿಐ ಕೋಡ್ ಕಳಿಸುತ್ತಾಳೆ, ಬಾಟಲಿ ಬಸ್ಸಿನ ಪಾರ್ಸೆಲ್ಲಿಗೆ ಹೋಗುತ್ತದೆ. ಎಣ್ಣೆ ಸೋರದಂತೆ ಮುಚ್ಚಳಕ್ಕೆ ಎರಡು ಸುತ್ತು ಟೇಪು ಸುತ್ತುವುದು ಭಾವನ ಇಲಾಖೆ.

ಕಳೆದ ಜುಲೈನ ಒಂದು ರಾತ್ರಿ, ಹತ್ತೂವರೆ ಇರಬೇಕು, ಸುಮ್ಮನೆ ಪುಟ ತೆರೆದೆ. ಜೀರಿಗೆಯ ಮುಂದೆ 'ಇಲ್ಲ' ಎಂದಿತ್ತು. ಸಂಜೆ ಏಳಕ್ಕೆ ಇದೆ ಎಂದಿತ್ತು. ಮಳೆ ಬಿಡದೆ ಸುರಿಯುತ್ತಿದ್ದ ದಿನ. ಫೋನ್ ಮಾಡಿ ಕೇಳಿದೆ, ಈ ಮಳೆಯಲ್ಲಿ ಹಲಸಿನ ಮರದ ಬುಡಕ್ಕೆ ಹೋದೆಯಾ ಎಂದು.

"ಕೊಡೆ ಹಿಡ್ಕಂಡು ಹೋದೆ ಮಾರಾಯ. ಇದೆ ಅಂತ ಇಟ್ಟು ಮಲಗಿದ್ರೆ ನಿದ್ದೆ ಬರ್ತದಾ?"

ಹಳೆಯ ಲೇಬಲ್ ಇನ್ನೂ ಆರುನೂರು ಚಿಲ್ಲರೆ ಇವೆ. ಸತ್ತ ಕೋಡಿನ ಮೇಲೆ ಹೊಸ ಕೋಡಿನ ಚೀಟಿ ಅಂಟಿಸಿ ಖರ್ಚು ಮಾಡುತ್ತಿದ್ದೇವೆ. ಅದೂ ಭಾವನ ಇಲಾಖೆಯೇ. ಸ್ವಲ್ಪ ವಾರೆ ಅಂಟಿಸುತ್ತಾರೆ, ಸ್ಕ್ಯಾನ್ ಆಗುತ್ತದೆ.